ಗ್ಯಾರೇಜಿನಿಂದ ಹೊರಡದ ವ್ಯಾನು

"ವ್ಯಾನು ಇನ್ನೂ ಜೋಸೆಫನ ಹತ್ತಿರವೇ ಉಂಟು ಮಗಾ. ಈಗ ಸ್ಟಿಯರಿಂಗ್ ಸರಿ ಇಲ್ಲ ಅಂತ ಹೇಳ್ತಾನೆ."

ನವೆಂಬರಿನ ಎರಡನೆಯ ವಾರ ಅಮ್ಮ ಫೋನಿನಲ್ಲಿ ಹೀಗೆಂದಾಗ ಅನ್ವಿತಾಳಿಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ಸೆಪ್ಟೆಂಬರಿನಲ್ಲಿ ಮೆಕ್ಯಾನಿಕ್ ಜೋಸೆಫ್ ರೇಡಿಯೇಟರ್ ಸೋರುತ್ತದೆ ಎಂದಿದ್ದ. ಅಕ್ಟೋಬರಿನಲ್ಲಿ ಬ್ರೇಕು ಎಂದ. ಒಂದು ಸರಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಾಳಾಗುತ್ತಿತ್ತು, ಅದೂ ಅವನ ಗ್ಯಾರೇಜಿನೊಳಗೆ ನಿಂತಲ್ಲೇ.

ಅನ್ವಿತಾ ಕೆಲಸ ಮಾಡುತ್ತಿದ್ದದ್ದು ತಿರುವನಂತಪುರದ ಕಳಕ್ಕೂಟಂನಲ್ಲಿ. ಅಮ್ಮ ಕಾಮಾಕ್ಷಿ ಇರುವುದು ಕೊಚ್ಚಿಯ ಏಲೂರಿನಲ್ಲಿ. ಕುಂಬಳೆಯಿಂದ ಬಂದು, ಕಾರ್ಖಾನೆಯೊಂದರ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧ ವಿಭಾಗ ನೋಡಿಕೊಂಡು, ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಗಂಡ ತೀರಿಕೊಂಡ ಮೇಲೆ ಕಾರು ಓಡಿಸಲು ಕಲಿತವಳು; ಹದಿನಾರು ವರ್ಷದಲ್ಲಿ ಯಾರಿಗೂ ಒಂದು ಗೀರು ಮಾಡಿದವಳಲ್ಲ. ನಿವೃತ್ತಿಯಾದ ತಿಂಗಳಲ್ಲೇ, ಮುಚ್ಚಿಹೋದ ಶಿಶುವಿಹಾರವೊಂದರ ಹದಿನೆಂಟು ವರ್ಷ ಹಳೆಯ ವ್ಯಾನನ್ನು ಕೊಂಡು, "ಕಛ್‌ಗೆ ಹೋಗುವ" ಎಂದಿದ್ದಳು.

ಅದಕ್ಕೊಂದು ಕಾರಣವಿತ್ತು. ಭುಜ್‌ನಲ್ಲಿ ಭೂಕಂಪವಾದಾಗ ಕಾರ್ಖಾನೆಯಿಂದ ಹೋದ ವೈದ್ಯರ ತಂಡದಲ್ಲಿ ಅವಳೂ ಇದ್ದಳು. ಇಪ್ಪತ್ತು ದಿನ ಡೇರೆಯೊಳಗೆ ಕೂತು ಮಾತ್ರೆ ಎಣಿಸಿ ಕೊಟ್ಟಿದ್ದಳು. ಕಛ್‌ನ ಉಪ್ಪಿನ ಬಿಳಿ ಬಯಲು ಅಲ್ಲಿಂದ ಎರಡು ಗಂಟೆಯ ದಾರಿಯಂತೆ. ಆ ಹೊತ್ತಿನಲ್ಲಿ ಅದನ್ನು ನೋಡಬೇಕೆಂದು ಬಾಯಿಬಿಟ್ಟು ಹೇಳುವುದಕ್ಕೇ ನಾಚಿಕೆಯಾಗಿತ್ತು. ಈಗ ಹೋಗಬೇಕು, ತಾನೇ ಓಡಿಸಿಕೊಂಡು ಹೋಗಬೇಕು. ಕುಂಬಳೆ, ಕಾರವಾರ, ಕೊಲ್ಹಾಪುರ, ನಾಸಿಕ್, ವಡೋದರ, ಭುಜ್. ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ತಂಗುವ ಕೋಣೆಗಳನ್ನೆಲ್ಲ ಅನ್ವಿತಾ ಗೊತ್ತುಮಾಡಿದ್ದಳು. ಜನವರಿ ಐದರಿಂದ ರಜೆ ಮಂಜೂರಾಗಿತ್ತು. ಅವಳ ಬಳಿ ಲೈಸೆನ್ಸ್ ಇದ್ದರೂ, ಅದನ್ನು ಪಡೆದ ದಿನದಿಂದ ಸ್ಕೂಟರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ.

ಆಫೀಸಿನಲ್ಲಿ ಪಕ್ಕ ಕೂರುವ ಮೈಸೂರಿನ ಯುವರಾಜ್ ಕಥೆ ಕೇಳಿ ನಕ್ಕುಬಿಟ್ಟ. "ಆಟ ಆಡಿಸ್ತಿದಾನೆ ಕಣ್ರೀ ಆ ಮೆಕ್ಯಾನಿಕ್ಕು. ಒಳ್ಳೆ ಪಾರ್ಟ್ಸ್ ಬಿಚ್ಕೊಂಡು ಹಳೇವು ಹಾಕ್ತಿರ್ತಾನೆ. ಹೋಗಿ ಕಣ್ಣಾರೆ ನೋಡ್ಕೊಂಬನ್ನಿ."

ಶನಿವಾರ ಬೆಳಗಿನ ರೈಲಿಗೆ ಅನ್ವಿತಾ ಹೊರಟಳು. ಅಮ್ಮನಿಗೆ ತಿಳಿಸಲಿಲ್ಲ. ಸ್ಟೇಷನ್ನಿನಿಂದ ನೇರವಾಗಿ ಗ್ಯಾರೇಜಿಗೇ ಹೋದಳು.

ಜೋಸೆಫ್ ಐವತ್ತೈದರ ಮನುಷ್ಯ. ಮಂಗಳೂರಿನ ಬಂದರಿನಲ್ಲಿ ಹನ್ನೆರಡು ವರ್ಷ ಲಾರಿ ರಿಪೇರಿ ಮಾಡಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಅಮ್ಮ ಅವನನ್ನು ಹಚ್ಚಿಕೊಂಡದ್ದಕ್ಕೆ ಅದೂ ಒಂದು ಕಾರಣ. ಮಲಯಾಳದ ರೂಢಿಯಂತೆ ಅವನಿಗೆ ಅಮ್ಮ 'ಚೇಚಿ', ಅಂದರೆ ಅಕ್ಕ; ಅನ್ವಿತಾ 'ಮೋಳೆ', ಮಗಳು; ಅನ್ವಿತಾಳಿಗೆ ಅವನು 'ಚೇಟಾ', ಅಣ್ಣ. ಅನ್ವಿತಾಳನ್ನು ಕಂಡವನೇ ಕೈ ಒರೆಸಿಕೊಳ್ಳುತ್ತ ಎದ್ದ. ಮುಖ ಒಂದು ಕ್ಷಣ ಬಿಳಿಚಿಕೊಂಡಂತೆ ಅವಳಿಗೆ ಕಂಡಿತು.

"ಮೋಳೆ, ಬರ್ತೇನೆ ಅಂತ ಹೇಳ್ಲೇ ಇಲ್ಲ?"

"ವ್ಯಾನು ನೋಡ್ಲಿಕ್ಕೆ ಬಂದೆ ಜೋಸೆಫ್ ಚೇಟಾ. ಎಂತ ಆಗಿದೆ ಅದಕ್ಕೆ?"

"ಸ್ಟಿಯರಿಂಗ್ ಎಡಕ್ಕೆ ಎಳೀತದೆ. ಅಷ್ಟು ದೂರ ಹೋಗ್ಲಿಕ್ಕೆ ಧೈರ್ಯ ಇಲ್ಲ ನನಗೆ."

ವ್ಯಾನು ಹಿಂದಿನ ಗೋಡೆಗೆ ತಾಗಿ ನಿಂತಿತ್ತು. ಎಡಬದಿಯ ಬಾಗಿಲಿನ ಬಣ್ಣ ಉಳಿದ ಭಾಗಕ್ಕಿಂತ ಹೊಸದಾಗಿತ್ತು.

"ಇಲ್ಲಿ ಯಾಕೆ ಪೈಂಟು?"

"ತುಕ್ಕು" ಎಂದ ಜೋಸೆಫ್, ಬೇರೆ ಕಡೆ ನೋಡುತ್ತ.

ಅನ್ವಿತಾ ಒಳಗೆ ಇಣುಕಿದಳು. ಓಣಂ ರಜೆಯಲ್ಲಿ ಅವಳು ಮೀಟರಿನ ಫೋಟೋ ತೆಗೆದಿಟ್ಟುಕೊಂಡಿದ್ದಳು. ಈಗ ಅದರಲ್ಲಿ ಇನ್ನೂರ ಎಂಬತ್ತಾರು ಕಿಲೋಮೀಟರ್ ಹೆಚ್ಚಿತ್ತು. ಕೇಳಿದರೆ "ಓಡಿಸಿ ನೋಡ್ಬೇಕಲ್ಲ" ಅಂದ. ಸ್ಟಿಯರಿಂಗ್ ನೆಟ್ಟಗಿಲ್ಲದ ವ್ಯಾನನ್ನು ಇನ್ನೂರ ಎಂಬತ್ತಾರು ಕಿಲೋಮೀಟರ್ ಓಡಿಸಿ ನೋಡುವವರು ಯಾರಿದ್ದಾರೆ? ಅವಳು ಮತ್ತೆ ಕೇಳಲಿಲ್ಲ. ಇಲ್ಲಿ ನಿಜ ಹುಟ್ಟುವುದಿಲ್ಲ ಎಂದು ತೀರ್ಮಾನಿಸಿಯಾಗಿತ್ತು.

ಮನೆಗೆ ಹೋದರೆ ಅಮ್ಮ ಫೋನಿನಲ್ಲಿದ್ದಳು. ಮಗಳನ್ನು ಕಂಡದ್ದೇ, "ಬಂದಳು, ಇಡ್ತೇನೆ" ಎಂದು ಕತ್ತರಿಸಿದಳು. ಆ ಕಡೆ ಇದ್ದದ್ದು ಯಾರೆಂದು ಅನ್ವಿತಾ ಕೇಳಬೇಕಾಗಿರಲಿಲ್ಲ.

"ಜೋಸೆಫ್ ಮೋಸ ಮಾಡ್ತಾ ಇದ್ದಾನೆ ಅಮ್ಮಾ."

"ಸುಮ್ಮನಿರು. ಅವನ ಹಾಗಿರುವ ಜನ ಸಿಗುವುದಿಲ್ಲ."

"ಮತ್ತೆ ಮೂರು ತಿಂಗಳು ಯಾಕೆ?"

"ಹಳೇ ಗಾಡಿ ಅಲ್ವಾ" ಎಂದ ಅಮ್ಮ ಚೀಲ ಹಿಡಿದು ಹೊರಟಳು. "ನಾನು ಬ್ಯಾಂಕಿಗೆ ಹೋಗಿ ಬರ್ತೇನೆ. ಸಾರು ಮಾಡಿ ಇಟ್ಟಿದ್ದೇನೆ, ಊಟ ಮಾಡು."

ಅವಳು ಹೋಗಿ ಹತ್ತು ನಿಮಿಷವಾದ ಮೇಲೆ ಅನ್ವಿತಾಳಿಗೆ ಹೊಳೆಯಿತು: ಇವತ್ತು ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಬಡಿಸಿಕೊಂಡ ಅನ್ನ ತಟ್ಟೆಯಲ್ಲೇ ಉಳಿಯಿತು. ಇಬ್ಬರೂ ಸೇರಿ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ. ಏನನ್ನು? ತಲೆಯೊಳಗೆ ಬಂದ ಒಂದೆರಡು ಉತ್ತರಗಳಿಗೆ ಅವಳಿಗೇ ನಾಚಿಕೆಯಾಗಿ, ಎದ್ದು ಪಾತ್ರೆ ತೊಳೆದಿಟ್ಟಳು. ಅಮ್ಮ ನಾಲ್ಕು ಗಂಟೆಗೆ ಬಂದಳು. ಕಣ್ಣು ಕೆಂಪಗಿತ್ತು. ಬಿಸಿಲು ಎಂದಳು.

ಮರುದಿನ ಅನ್ವಿತಾ ಒಂದು ಉಪಾಯ ಮಾಡಿದಳು. ಸಾಮಾನು ಇಡಲು ಜಾಗ ಅಳೆಯಬೇಕು, ಒಂದು ದಿನದ ಮಟ್ಟಿಗೆ ವ್ಯಾನು ಮನೆಗೆ ಬೇಕು ಎಂದು ಜೋಸೆಫನಿಗೆ ಹೇಳಿದಳು. ಅವನು ಒಲ್ಲದ ಮನಸ್ಸಿನಿಂದ ತಂದು ನಿಲ್ಲಿಸಿ, ಕೀಲಿಯನ್ನು ಅಮ್ಮನಿಗೆ ಕೊಡದೆ ಅನ್ವಿತಾಳ ಕೈಗೇ ಕೊಟ್ಟು ಹೋದ. ಅಮ್ಮ ಚರ್ಚಿನ ಹತ್ತಿರದ ಮಾರ್ಕೆಟಿಗೆ ಹೋದ ಹೊತ್ತು ನೋಡಿ ಅನ್ವಿತಾ ಇಬ್ರಾಹಿಮನನ್ನು ಕರೆಸಿದಳು. ಉಪ್ಪಳದವನು, ಅವಳ ಸಹಪಾಠಿಯ ಅಣ್ಣ, ಕಳಮಶ್ಶೇರಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ.

ಇಬ್ರಾಹಿಂ ವ್ಯಾನಿನಡಿಗೆ ಚಾಪೆ ಹಾಸಿ ಮಲಗಿ ಬಹಳ ಹೊತ್ತು ನೋಡಿದ. ಆಮೇಲೆ ರಸ್ತೆಯಲ್ಲಿ ಎರಡು ಸುತ್ತು ಓಡಿಸಿ ತಂದ.

"ಇದಕ್ಕೆ ಎಂತದೂ ಆಗ್ಲಿಲ್ಲ. ರೇಡಿಯೇಟರ್ ಹೊಸತು, ಬ್ರೇಕ್ ಹೊಸತು, ಸ್ಟಿಯರಿಂಗ್ ಬೆಣ್ಣೆ ಹಾಗೆ ಉಂಟು. ಯಾರು ಮಾಡಿದ್ದೋ, ಒಳ್ಳೇ ಕೆಲಸ. ನಾಳೆಯೇ ಕಾಶ್ಮೀರಕ್ಕೆ ಹೋಗ್ಬಹುದು."

"ಸ್ಟಿಯರಿಂಗ್ ಎಡಕ್ಕೆ ಎಳೀತದಂತೆ?"

"ಯಾರು ಹೇಳಿದ್ದು? ಸುಳ್ಳು." ಆಮೇಲೆ ಎಡಬದಿಯ ಬಾಗಿಲನ್ನು ಬೆರಳಿನಿಂದ ಕುಟ್ಟಿ ಕಿವಿಗೊಟ್ಟ. "ಆದ್ರೆ ಇಲ್ಲಿ ನೋಡು. ಕಬ್ಬಿಣದ ಸದ್ದು ಬರೂದಿಲ್ಲ. ಒಳಗೆ ಬರೀ ಪುಟ್ಟಿ, ನೆಗ್ಗು ಮುಚ್ಚಲಿಕ್ಕೆ ಮೆತ್ತಿದ್ದು. ಈ ಬದಿಗೆ ಮೂರು ಸಲ ಹೊಡೆದಿದೆ. ಒಂದು ಏಟು ಹಳತು, ಒಂದು ತಿಂಗಳ ಹಿಂದಿನದ್ದು, ಇದು ಹೋದ ವಾರದ್ದು. ಬಲಬದಿಗೆ ಒಂದು ಗೀರು ಸಹ ಇಲ್ಲ."

ಹೋದ ವಾರ ವ್ಯಾನು ಜೋಸೆಫನ ಗ್ಯಾರೇಜಿನಲ್ಲಿತ್ತು. ತಿಂಗಳ ಹಿಂದೆಯೂ ಅಲ್ಲೇ. ಅಂದರೆ ಅವನು ಅದನ್ನು ಯಾರಿಗೋ ಬಾಡಿಗೆಗೆ ಬಿಡುತ್ತಿದ್ದ, ಅವರು ಗುದ್ದಿಸಿಕೊಂಡು ತರುತ್ತಿದ್ದರು, ಇವನು ಬಣ್ಣ ಬಳಿದು ಮುಚ್ಚುತ್ತಿದ್ದ. ಎಲ್ಲವೂ ತಾಳೆಯಾಯಿತು. ಅನ್ವಿತಾ ನೆಟ್ಟಗೆ ಗ್ಯಾರೇಜಿಗೆ ನಡೆದಳು.

ಭಾನುವಾರವಾದ್ದರಿಂದ ಶಟರು ಅರ್ಧ ಇಳಿದಿತ್ತು. ಜೋಸೆಫ್ ಒಳಗೆ ಒಬ್ಬನೇ ಕೂತು ಚಹಾ ಕುಡಿಯುತ್ತಿದ್ದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಇಬ್ರಾಹಿಂ ನೋಡಿದ್ದು, ಪುಟ್ಟಿ, ಮೀಟರು. ಪೊಲೀಸರ ಹೆಸರೂ ಎತ್ತಿದಳು.

ಜೋಸೆಫ್ ಲೋಟ ಕೆಳಗಿಟ್ಟ. "ಸ್ಟಿಯರಿಂಗಿನದ್ದು ಸುಳ್ಳು. ಹೌದು. ಬ್ರೇಕಿನದ್ದು ಅರ್ಧ ಸುಳ್ಳು. ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ."

"ಯಾರಿಗೆ ಕೊಟ್ಟಿದ್ರಿ ಗಾಡಿ?"

"ಯಾರಿಗೂ ಕೊಡ್ಲಿಲ್ಲ."

"ಮತ್ತೆ ಗುದ್ದಿದ್ದು ಯಾರು?"

"ನಾನು ಚೇಚಿಗೆ ಮಾತು ಕೊಟ್ಟಿದ್ದೇನೆ ಮೋಳೆ. ನನ್ನ ಬಾಯಿಯಿಂದ ಬರೂದಿಲ್ಲ. ನೀನು ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಅಮ್ಮನ ಹತ್ತಿರ ಓಡಿಸ್ಲಿಕ್ಕೆ ಹೇಳು. ಎಡಗಡೆ ಸೀಟಲ್ಲಿ ಕೂತ್ಕೋ. ಅಮ್ಮನನ್ನು ನೋಡ್ಬೇಡ, ರಸ್ತೆ ನೋಡು. ನಿಧಾನ ಹೋಗ್ಲಿಕ್ಕೆ ಹೇಳು, ಮರೀಬೇಡ."

ಅವಳು ಮನೆಗೆ ಬಂದರೂ ಸಿಟ್ಟು ಇಳಿದಿರಲಿಲ್ಲ. ಇದು ಅವನ ಇನ್ನೊಂದು ಆಟವಿರಬಹುದು. ಆದರೂ ಒಂದು ದಿನ ರಜೆ ಹಾಕಿ, ಸೋಮವಾರ ಬೆಳಿಗ್ಗೆ ಆರೂವರೆಗೆ, "ವಲ್ಲಾರ್ಪಾಡಂವರೆಗೆ ಒಂದು ಸುತ್ತು ಹೋಗಿ ಬರುವ ಅಮ್ಮಾ" ಅಂದಳು. ಅಮ್ಮನ ಮುಖ ಅರಳಿತು. ಹೊಸ ಚಪ್ಪಲಿ ಹಾಕಿಕೊಂಡು ಬಂದಳು.

ವಲ್ಲಾರ್ಪಾಡಂ ಬಂದರಿಗೆ ಹೋಗುವ ಕಂಟೇನರ್ ರಸ್ತೆ ನೇರವಾಗಿ, ಅಗಲವಾಗಿ, ಎರಡೂ ಬದಿ ಹಿನ್ನೀರಿನ ನಡುವೆ ಸಾಗುತ್ತದೆ. ಅಮ್ಮ ಚೆನ್ನಾಗಿಯೇ ಓಡಿಸುತ್ತಿದ್ದಳು. ಗೇರು ಬದಲಿಸಿದ್ದು ಗೊತ್ತಾಗುತ್ತಿರಲಿಲ್ಲ. ಮೊದಲ ಸೇತುವೆ ದಾಟಿತು, ಎರಡನೆಯದೂ ದಾಟಿತು. ಜೋಸೆಫ್ ತನ್ನನ್ನು ಮೂರ್ಖಳನ್ನಾಗಿ ಮಾಡಿದ ಎಂದು ಅನ್ವಿತಾ ಅಂದುಕೊಳ್ಳುತ್ತಿರುವಾಗ, ವ್ಯಾನು ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯುತ್ತಿರುವುದು ಕಂಡಿತು. ಎಡಕ್ಕೆ ಕಂಟೇನರ್ ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಹಿಂದೆ ಮೀನಿನ ಪೆಟ್ಟಿಗೆ. ದೂರದಿಂದಲೇ ಕಾಣುತ್ತಿದ್ದ. ಅಮ್ಮ ಈಗ ಬಲಕ್ಕೆ ತಿರುಗಿಸುತ್ತಾಳೆ, ಈಗ ತಿರುಗಿಸುತ್ತಾಳೆ ಎಂದು ಅನ್ವಿತಾ ಕಾದಳು. ಅಮ್ಮ ನೆಮ್ಮದಿಯಾಗಿ ಭುಜ್‌ನ ಡೇರೆಯ ಕಥೆ ಹೇಳುತ್ತಿದ್ದಳು.

"ಅಮ್ಮಾ, ಸೈಕಲ್!"

ಬ್ರೇಕು ಕಿರುಚಿತು. ವ್ಯಾನಿನ ಎಡಗನ್ನಡಿ ಸೈಕಲ್ಲಿನ ಹ್ಯಾಂಡಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಮುದುಕ ಮಲಯಾಳದಲ್ಲಿ ಮನಸಾರೆ ಬೈದು, ಪೆಟ್ಟಿಗೆ ಸರಿಮಾಡಿಕೊಂಡು ಮುಂದೆ ಹೋದ.

ಅಮ್ಮ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು. "ಅವನು ಎಲ್ಲಿಂದ ಬಂದ?"

"ಅವನು ಅಲ್ಲೇ ಇದ್ದ ಅಮ್ಮಾ. ಸುರುವಿನಿಂದ ಅಲ್ಲೇ ಇದ್ದ."

ಅಮ್ಮ ಎಂಜಿನ್ ಆರಿಸಿದಳು. ಒಂದು ದೊಡ್ಡ ಲಾರಿ ಪಕ್ಕದಿಂದ ಹೋಗಿ ವ್ಯಾನು ಅಲುಗಾಡಿತು. ಆಮೇಲೆ, ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು. ಗ್ಲಾಕೋಮಾ. ಜೂನ್‌ನಲ್ಲಿ ಗೊತ್ತಾದದ್ದು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ. ಹೋದದ್ದು ಹಿಂದೆ ಬರುವುದಿಲ್ಲ, ಇದ್ದದ್ದನ್ನು ಹನಿಮದ್ದಿನಿಂದ ಉಳಿಸಿಕೊಳ್ಳಬಹುದು. ಎಡಗಣ್ಣಿನ ಅಂಚಿನ ನೋಟ ಹೋಗಿತ್ತು. ಶನಿವಾರದ ಬ್ಯಾಂಕು ಕಣ್ಣಿನ ಆಸ್ಪತ್ರೆಯಾಗಿತ್ತು.

"ಮೊದಲ ಸಲ ಗೇಟಿಗೆ ತಾಗಿತು. ಜೋಸೆಫ್ ಸರಿ ಮಾಡಿ ಕೊಟ್ಟ. ಎರಡನೇ ಸಲ ಅವನೇ ಪಕ್ಕದಲ್ಲಿದ್ದ. ಅವತ್ತಿನಿಂದ ಒಬ್ಬಳೇ ಓಡಿಸ್ಲಿಕ್ಕೆ ಕೀಲಿ ಕೊಡ್ಲಿಲ್ಲ. 'ಚೇಚಿ, ನಿಮಗೆ ಕಾಣೂದಿಲ್ಲ' ಅಂದ. ನನಗೆ ಕಾಣ್ತದೆ ಅಂತ ತೋರಿಸ್ಲಿಕ್ಕೆ ಅವನನ್ನು ಕೂರಿಸಿಕೊಂಡು ಎಷ್ಟು ಸಲ ಈ ರಸ್ತೆಗೆ ಬಂದೆ. ಹೋದ ವಾರ ಕಂಬಕ್ಕೆ ಗುದ್ದಿದೆ."

"ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ರಜೆ ವಾಪಸ್ ಮಾಡ್ತಿದ್ದೆ. ಮತ್ತೆ ನಾನು ಎಂತ ನೋಡುದು? ಇನ್ನು ಎಷ್ಟು ದಿವಸ ಕಾಣ್ತದೆ ಅಂತ ಯಾರಿಗೆ ಗೊತ್ತು?"

"ಯಾರನ್ನಾದ್ರೂ ಕೊಂದಿದ್ರೆ ಅಮ್ಮಾ?"

ಅನ್ವಿತಾ ಜೋಸೆಫನಿಗೆ ಫೋನ್ ಮಾಡಿದಳು. ಅವನು ಬೈಕಿನಲ್ಲಿ ಬಂದು, ಅದನ್ನು ಅಲ್ಲೇ ಬದಿಗೆ ನಿಲ್ಲಿಸಿ, ವ್ಯಾನನ್ನು ಮನೆಗೆ ತಲುಪಿಸಿದ. ತಾಯಿ ಮಗಳು ಹಿಂದಿನ ಸೀಟಿನಲ್ಲಿ ಎರಡು ತುದಿಗೆ ಕೂತಿದ್ದರು.

ಎರಡು ವಾರ ಇಬ್ಬರೂ ಅಗತ್ಯಕ್ಕೆ ಮಾತ್ರ ಮಾತಾಡಿದರು. ಅನ್ವಿತಾ ಕೋಣೆಗಳನ್ನು ರದ್ದು ಮಾಡಲು ಎರಡು ಸಲ ಕೂತಳು. ಎರಡೂ ಸಲ ಕಾರವಾರದ ಹೆಸರಿನ ಮೇಲೆ ಕೈ ನಿಂತಿತು. ಅದರ ಮುಂದಿನ ಶನಿವಾರ ಅವಳು ಗ್ಯಾರೇಜಿಗೆ ಹೋಗಿ, ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳಿ, "ನನಗೆ ಕಲಿಸ್ತೀರಾ ಚೇಟಾ?" ಎಂದಳು.

"ಸ್ಕೂಟರ್ ಓಡಿಸುವವರಿಗೆ ಕಲಿಸುದು ಕಷ್ಟ" ಎಂದ ಜೋಸೆಫ್. "ಸಂದು ಕಂಡಲ್ಲೆಲ್ಲ ನುಗ್ತಾರೆ."

ಅವನು ಕೆಟ್ಟ ಗುರು. ತಪ್ಪಾದಾಗ ಬೈಯುತ್ತಿದ್ದ, ಸರಿಯಾದಾಗ ಸುಮ್ಮನಿರುತ್ತಿದ್ದ. ಹೀಗೆ ಹತ್ತು ವಾರ, ಪ್ರತಿ ಶನಿವಾರ ಮತ್ತು ಭಾನುವಾರ, ಮೊದಲು ಕಂಟೇನರ್ ರಸ್ತೆ, ಆಮೇಲೆ ಎಡಪ್ಪಳ್ಳಿಯ ದಟ್ಟಣೆ, ಕೊನೆಗೆ ತಿರುವನಂತಪುರದವರೆಗೆ ಹೋಗಿ ಬರುವುದು. ಅವತ್ತು ಕಳಕ್ಕೂಟಂನಲ್ಲಿ ಯುವರಾಜ್ ವ್ಯಾನಿನ ಸುತ್ತ ಒಂದು ಸುತ್ತು ಬಂದು ಜೋಸೆಫನನ್ನು ನೋಡಿ, "ಇವ್ರೇನಾ?" ಎಂದು ಕೇಳಿದಾಗ ಅನ್ವಿತಾ ಅವನ ಕಾಲು ತುಳಿದಳು.

ರಜೆ ಫೆಬ್ರವರಿಗೆ ಹೋಯಿತು. ದಿನಕ್ಕೆ ನಾನೂರು ಕಿಲೋಮೀಟರ್ ಎಂದಿದ್ದದ್ದು ಇನ್ನೂರಾಯಿತು. ವೈದ್ಯರು ಹೋಗಿ ಬನ್ನಿ ಎಂದರು, ಹನಿಮದ್ದು ಮಾತ್ರ ಒಂದು ಹೊತ್ತೂ ತಪ್ಪಬಾರದು, ಬಿಸಿಲಿಗೆ ಇಡಬಾರದು ಎಂದರು. ಅಮ್ಮ ತನ್ನ ಲೈಸೆನ್ಸನ್ನು ತಾನೇ ಕಪಾಟಿನ ಒಳಗಿಟ್ಟಳು. ಆ ದಿನ ಊಟ ಮಾಡಲಿಲ್ಲ.

ಹೊರಟ ಬೆಳಿಗ್ಗೆ ಜೋಸೆಫ್ ಬಂದು ಟಯರಿನ ಗಾಳಿ ನೋಡಿದ, ಎಣ್ಣೆ ನೋಡಿದ, ಎಂಜಿನ್ನಿನ ಹೆಚ್ಚುವರಿ ಬೆಲ್ಟೊಂದನ್ನು ಸೀಟಿನಡಿ ಇಟ್ಟ. ಅಮ್ಮ ಎಡಗಡೆ ಸೀಟಿನಲ್ಲಿ ನಕ್ಷೆ ಹಿಡಿದು ಕೂತಳು. ಆಲುವಾ ದಾಟಿತು. ಅಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಅನ್ವಿತಾ ಗಡಿಯಾರ ನೋಡಿದಳು.

"ಎಂಟು ಗಂಟೆಯ ಹನಿ ಬಿಟ್ಟಿಯಾ ಅಮ್ಮಾ?"

"ಬಿಟ್ಟೆ."

"ಯಾವಾಗ?"

"ನೀನು ಸಾಮಾನು ತುಂಬುವಾಗ."

"ಬಾಟ್ಲಿ ತೋರಿಸು."

ಅಮ್ಮ ಅವಳನ್ನೇ ನೋಡಿದಳು. "ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

ಅಮ್ಮನಿಗೆ ನಗು ಬಂತು. ಅದನ್ನು ತಡೆಯಲು ನೋಡಿದಳು, ಆಗಲಿಲ್ಲ. ಕಾಲಿನ ಹತ್ತಿರವಿದ್ದ ಐಸಿನ ಡಬ್ಬಿ ತೆರೆದು, ಇನ್ನೂ ಸೀಲು ಒಡೆಯದ ಬಾಟಲಿಯನ್ನು ತೆಗೆದು, ಅಲ್ಲೇ ಸೀಲು ಒಡೆದಳು. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಅಗಲ ಮಾಡಿದಳು. ಅನ್ವಿತಾ ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, ಎಡಗಣ್ಣಿಗೊಂದು, ಬಲಗಣ್ಣಿಗೊಂದು ಹನಿ ಬಿಟ್ಟು, ಐದು ನಿಮಿಷ ಕಾದು, ವ್ಯಾನನ್ನು ರಸ್ತೆಗೆ ತಂದಳು.