ದೇವರ ಕೋಣೆಯ ಬೀರುವಿನಲ್ಲಿದ್ದ ಕಾರ್ಡುಗಳು

ತೋಟದ ಕೆಲಸ ಮಾಡಿಸುವವರಿಗೆಲ್ಲ ಒಂದೇ ತಲೆನೋವು. ಹಬ್ಬಕ್ಕೆಂದು ಊರಿಗೆ ಹೋದ ಆಳು ತಿರುಗಿ ಬರುವುದಿಲ್ಲ. ಅಮೃತಹಳ್ಳಿಯ ನಮ್ಮ ಮಾವ ಮುನಿಕೃಷ್ಣಪ್ಪನವರು ಇದಕ್ಕೊಂದು ಮದ್ದು ಕಂಡುಹಿಡಿದಿದ್ದರು. ಕೆಲಸಕ್ಕೆ ಸೇರಿದವರ ಆಧಾರ್ ಕಾರ್ಡನ್ನು ಪಡೆದು, ಹಳದಿ ಬಟ್ಟೆಯಲ್ಲಿ ಸುತ್ತಿ, ದೇವರ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಬೀಗದ ಕೈ ಸದಾ ಅವರ ಉಡಿದಾರದಲ್ಲಿ.

"ಅವರತ್ರ ಇದ್ರೆ ಕಳ್ಕೊತಾರೆ, ದೇವ್ರತ್ರ ಇದ್ರೆ ಭದ್ರ" ಎನ್ನುತ್ತಿದ್ದರು. ನಮ್ಮ ಗಾರ್ಡನ್ ಕಂಪನಿಯ ವ್ಯವಹಾರ ನೋಡಿಕೊಳ್ಳುವವಳು ಸೊಸೆ ವನಿತಾ, ಅಂದರೆ ನಾನು. ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಯಲಹಂಕದ ಒಂದು ಅಪಾರ್ಟ್‌ಮೆಂಟಿನ ತೋಟ ನಮ್ಮ ಉಸ್ತುವಾರಿಯಲ್ಲಿದೆ. ಅಲ್ಲಿನ ಸಂಘದ ಕಾರ್ಯದರ್ಶಿ ಚಿತ್ರಾ ನನ್ನ ಕಾಲೇಜು ಗೆಳತಿ. ಈ ಸಲ ಕರಾರು ಮುಂದುವರಿಸುವ ಮೊದಲು ಅವಳು ಜೀತ ತಡೆಯುವುದಕ್ಕೆಂದು ಸಂಘ ಮಾಡಿಸಿದ ಒಂದು ಹಾಳೆ ಹಿಡಿದು ನಮ್ಮ ಮನೆಗೇ ಬಂದಳು. ನಿಮ್ಮ ಕೆಲಸದವರ ಕಾರ್ಡು ಅವರ ಹತ್ತಿರವೇ ಇದೆಯೇ? ಬೇಕೆಂದಾಗ ಕೆಲಸ ಬಿಟ್ಟು ಹೋಗಬಹುದೇ? ಹುಲ್ಲು, ಗಿಡ, ಗೊಬ್ಬರ ಎಲ್ಲಿಂದ ಬರುತ್ತದೆ, ಅಲ್ಲಿ ದುಡಿಯುವವರನ್ನು ಮಾತಾಡಿಸಿದ್ದೀರಾ? ಹೀಗೆ ಒಂದಷ್ಟು ಪ್ರಶ್ನೆಗಳು.

ಮಾವ ನಕ್ಕುಬಿಟ್ಟರು. "ಜೀತ ಅಂತೆ, ಜೀತ! ಅದೆಲ್ಲ ನಮ್ಮಪ್ಪನ ಕಾಲಕ್ಕೇ ಮುಗ್ದೋಯ್ತು ಕಣಮ್ಮ. ಈಗ್ಯಾರಮ್ಮ ಸರಪಳಿ ಆಕಿ ಕೂರಿಸವ್ರೆ?"

"ಸರಪಳಿ ಯಾಕೆ ಬೇಕು ಅಂಕಲ್? ಕಾರ್ಡ್ ಇಟ್ಕೊಂಡು, ಫೋನ್ ಕಿತ್ಕೊಂಡು, ಗೇಟಿಗೆ ಬೀಗ ಹಾಕಿದ್ರೆ ಸಾಕಲ್ಲ" ಎಂದಳು ಚಿತ್ರಾ.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಸರಿಯಾಗಿ ಓದದೆ ಎಲ್ಲದಕ್ಕೂ 'ಹೌದು' ಎಂದು ಗೀಚಿ ಕೊಟ್ಟೆ.

ಎರಡು ದಿನ ಕಳೆದ ಮೇಲೆ ಅಪಾರ್ಟ್‌ಮೆಂಟಿಗೆ ಹುಣಸಮಾರನಹಳ್ಳಿ ಕಡೆಯ ಒಂದು ನರ್ಸರಿಯಿಂದ ಹುಲ್ಲಿನ ಲೋಡು ಬಂತು. ಚಾಪೆಯ ಹಾಗೆ ಸುತ್ತಿದ ಹುಲ್ಲನ್ನು ನಾಲ್ಕು ಜನ ಇಳಿಸುವುದನ್ನು ನಾನೂ ಚಿತ್ರಾಳೂ ನೋಡುತ್ತ ನಿಂತಿದ್ದೆವು. ಅವರಲ್ಲಿ ರತ್ನಕ್ಕ ಎಂಬ ಹೆಂಗಸು ನೀರು ಕುಡಿಯುವ ನೆಪದಲ್ಲಿ ನನ್ನ ಹತ್ತಿರ ಬಂದಳು.

"ಅಕ್ಕಾರ, ಒಂದ್ ಫೋನ್ ಹಚ್ಚಿ ಕೊಡ್ರಿ. ಮಗಳಿಗೆ ದಿನ ತುಂಬ್ಯಾವ. ಹೆತ್ತಾಳೋ ಇಲ್ಲೋ ಒಂದೂ ಗೊತ್ತಿಲ್ರಿ."

"ನಿಮ್ಮ ಫೋನ್ ಎಲ್ಲಿ?"

"ಮಾಲಕನ ಕಡೆ. ಕಾರ್ಡೂ ಅವನ ಕಡೆನ. ಸಂಜಿ ಆತಂದ್ರ ಗೇಟಿಗೆ ಕೀಲಿ. ಕಾರ್ಡ್ ಇದ್ದಿದ್ರ ಬಸ್ಸಿಗೆ ರೊಕ್ಕಾನೂ ಬ್ಯಾಡಾಗಿತ್ತು, ಯಾವಾಗೋ ಹತ್ತಿ ಹೋಗ್ತಿದ್ದೆ."

ಅಷ್ಟರಲ್ಲಿ ನರ್ಸರಿಯ ಮೇಸ್ತ್ರಿ ಸುನೀಲ ಲಾರಿಯ ಆಚೆಯಿಂದ ಕೂಗಿದ. ಅವಳು ಲೋಟವನ್ನು ಕೆಳಗಿಟ್ಟಳು. ಪಕ್ಕದಲ್ಲೇ ಇದ್ದ ಚಿತ್ರಾ ದನಿ ತಗ್ಗಿಸಿ, "ಅಮ್ಮಾ, ದೂರು ಕೊಡ್ಲಾ? ನಿಮ್ಗೆ ಒಪ್ಪಿಗೆನಾ?" ಎಂದಳು. ರತ್ನಕ್ಕ ಹೂಂ ಎಂದು ತಲೆಯಾಡಿಸಿ ಓಡಿದಳು. ಫೋನ್ ಮಾಡಿಕೊಡಲೂ ಆಗಲಿಲ್ಲ.

ಲಾರಿ ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಾವನನ್ನು ಕರೆಸಿ ಹೇಳಿದೆ. ಅವರು ಜೇಬಿನಿಂದ ಫೋನ್ ತೆಗೆದರು.

"ಆ ನರ್ಸರಿ ಮಾಲೀಕ ನಮ್ಮೋನೇ ಕಣಮ್ಮ. ಒಂದ್ ಮಾತು ಏಳ್ತೀನಿ, ಕಳಿಸ್ತಾನೆ."

"ಬೇಡಿ ಅಂಕಲ್!" ಚಿತ್ರಾ ಅವರ ಕೈ ಹಿಡಿದಳು. "ನೀವು ಫೋನ್ ಮಾಡಿದ್ರೆ, ನಾವು ಹೋಗೋಷ್ಟರಲ್ಲಿ ಅವ್ರನ್ನೆಲ್ಲ ಬೇರೆ ಕಡೆ ಸಾಗಿಸಿರ್ತಾನೆ. ರತ್ನಕ್ಕನಿಗೆ ಏಟು ಬೀಳುತ್ತೆ. ಇದು ಸರ್ಕಾರದವ್ರು ಮಾಡೋ ಕೆಲ್ಸ."

"ಒಂದ್ ಕಾರ್ಡ್ ಇಟ್ಕೊಂಡಿದ್ದಕ್ಕೆ ಇಷ್ಟೆಲ್ಲಾನಾ? ನಾವೂ ಇಟ್ಕೊಂಡಿಲ್ವಾ?" ಮಾವ ರೇಗಿದರು.

ಅಲ್ಲೇ ಹುಲ್ಲು ಹಾಸುತ್ತಿದ್ದ ನಮ್ಮ ಫಕೀರಪ್ಪ ಎದ್ದು ನಿಂತ. ಹನ್ನೊಂದು ವರ್ಷದಿಂದ ನಮ್ಮಲ್ಲಿರುವವನು, ಎದುರು ಮಾತಾಡಿದವನಲ್ಲ.

"ಯಜಮಾನ್ರ, ಹೋದ ವರ್ಷ ನಮ್ಮವ್ವ ತೀರ್ಕೊಂಡಾಗ ಕಾರ್ಡ್ ಕೇಳಾಕ ಬಂದಿದ್ದೆ. ನೀವು ತಿರುಪತಿಗೆ ಹೋಗಿದ್ರಿ. ಕಾರ್ಡ್ ಬಿಟ್ಟು ಹೋದ್ರ ಅದನ್ನ ತಿರುಗಿ ಕೊಡ್ತೀರೋ ಇಲ್ಲೋ ಅಂತ ಅಂಜಿ ಎರಡು ದಿನ ಕಾದೆ. ಅವ್ವನ ಮಣ್ಣಿಗೆ ಹೋಗಾಕ ಆಗ್ಲಿಲ್ರಿ."

ಅವನು ತಡವಾಗಿ ಊರಿಗೆ ಹೊರಟಿದ್ದನ್ನು ಕಂಡು, 'ಎಷ್ಟು ನಿಷ್ಠೆ ನೋಡು' ಎಂದು ನಾವು ಮನೆಯಲ್ಲಿ ಹೊಗಳಿದ್ದೆವು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾವ ಫೋನನ್ನು ಜೇಬಿಗೆ ಹಾಕಿಕೊಂಡರು. "ನಡೀರಮ್ಮ, ಎಲ್ಲಿಗೆ ಓಗ್ಬೇಕು?" ಎಂದರು. ತಾಲ್ಲೂಕು ಕಚೇರಿಗೆ ಹೋಗಿ ನಾವು ಮೂವರೂ ಸಹಿ ಹಾಕಿ ದೂರು ಕೊಟ್ಟೆವು. ಬೆಳಿಗ್ಗೆ ಪೊಲೀಸರ ಜೊತೆ ಹೋಗುತ್ತೇವೆ ಎಂದರು ಅಧಿಕಾರಿ. ಅಲ್ಲಿಯವರೆಗೆ ಹೇಗೆ ತಡೆಯುವುದು? ರತ್ನಕ್ಕ ಮಾತಾಡಿದ್ದನ್ನು ಸುನೀಲ ಕಂಡಿದ್ದನೋ ಏನೋ, ಅವಳನ್ನು ಏನು ಮಾಡಿದ್ದಾರೋ ಎಂದು ರಾತ್ರಿಯೆಲ್ಲ ಚಿತ್ರಾಳಿಗೆ ಫೋನ್ ಮಾಡುತ್ತಲೇ ಇದ್ದೆ.

ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕೆಲಸದವರೆಲ್ಲ ಸೇರಿದ್ದರು. ಮಾವ ಹಳದಿ ಗಂಟನ್ನು ಬಿಚ್ಚಿ ಒಬ್ಬೊಬ್ಬರ ಕಾರ್ಡನ್ನೂ ಅವರವರ ಕೈಗೆ ಕೊಟ್ಟರು. "ಓಗೋರು ಓಗ್ಬೋದು, ಬರೋರು ಬರ್ಬೋದು" ಎಂದರು. ಫಕೀರಪ್ಪನ ಮುಂದೆ ಕೈಮುಗಿದು, "ತಪ್ಪಾಯ್ತು ಕಣಪ್ಪ" ಎಂದರು.

ಫಕೀರಪ್ಪ ಕಾರ್ಡನ್ನು ಒರೆಸಿ ಜೇಬಿಗಿಟ್ಟುಕೊಂಡ. "ಆವತ್ತ ಕೊಟ್ಟಿದ್ರ ಚಲೋ ಇತ್ರಿ" ಎಂದಷ್ಟೇ ಹೇಳಿ ಪೈಪು ಎತ್ತಿಕೊಂಡು ಕೆಲಸಕ್ಕೆ ಹೋದ.

ಹತ್ತೂವರೆಗೆ ಚಿತ್ರಾಳ ಫೋನ್ ಬಂತು. ನರ್ಸರಿಯ ಗೇಟು ತೆಗೆಸಿದ್ದರು. ಒಳಗೆ ಒಂಬತ್ತು ಜನರಿದ್ದರು. ಮಾಲೀಕನ ಮೇಲೆ ಕೇಸಾಯಿತು. ಸಂಜೆ ಹೇಳಿಕೆ ಬರೆಸಿ ಮುಗಿಸಿದ ರತ್ನಕ್ಕ, ಕೈಗೆ ಬಂದ ತನ್ನ ಫೋನಿನಿಂದಲೇ ಮಗಳಿಗೆ ಮಾತಾಡಿದಳು. ಮಗಳು ಹೆತ್ತು ಆರು ದಿನವಾಗಿತ್ತು. "ತೊಟ್ಟಿಲ ಶಾಸ್ತ್ರಕ್ಕಾದ್ರೂ ಹೋಗ್ತೀನ್ರಿ" ಎಂದು ಅಳುತ್ತಲೇ ಬಸ್ಸು ಹತ್ತಿದಳು.

ನಮ್ಮ ಕೆಲಸದವರಲ್ಲಿ ಮೂವರು ಆ ವಾರವೇ ಊರಿಗೆ ಹೋದರು. ಇಬ್ಬರು ಬಂದರು, ಒಬ್ಬ ಬರಲಿಲ್ಲ. ಬರದಿರುವುದು ಅವನ ಇಷ್ಟ. ಚಿತ್ರಾಳ ಹಾಳೆಯಲ್ಲಿ ನನ್ನ ಸುಳ್ಳು 'ಹೌದು'ಗಳನ್ನು ಹೊಡೆದುಹಾಕಿ ನಿಜ ಬರೆದುಕೊಟ್ಟೆ. ಈಗ ಹೊಸ ನರ್ಸರಿಯಿಂದ ಹುಲ್ಲು ತರುತ್ತೇವೆ. ಹೇಳದೆ ಕೇಳದೆ ಅಲ್ಲಿಗೆ ಹೋಗಿ, ಮಾಲೀಕರಿಲ್ಲದ ಕಡೆ ಕೂತು ಕೆಲಸದವರನ್ನು ಮಾತಾಡಿಸಿ ಬರುವವರು ಯಾರು ಗೊತ್ತೇ? ನಮ್ಮ ಮಾವನೇ!

ಓದುತ್ತಿರುವ ನೀವೂ ಎದ್ದು ನಿಮ್ಮ ಬೀರು ತೆಗೆದು ನೋಡಿ. ಇನ್ನೊಬ್ಬರ ಕಾರ್ಡು ಅಲ್ಲಿದ್ದರೆ ಇವತ್ತೇ ವಾಪಸು ಕೊಡಿ. ನಿಮ್ಮ ತೋಟಕ್ಕೆ ಗಿಡ ಇಳಿಸುವವರಿಗೆ ನೀರು ಕೊಡುವಾಗ, ಕಾರ್ಡು, ಫೋನು ಯಾರ ಹತ್ತಿರ ಇದೆ, ಊರಿಗೆ ಹೋಗಲು ಬಿಡುತ್ತಾರಾ ಎಂದು ಮೆಲ್ಲಗೆ ಕೇಳಿ. ಮಾಲೀಕನ ಹತ್ತಿರ ಇದೆ, ಹೋಗಲು ಬಿಡುವುದಿಲ್ಲ ಎಂದರೆ ಅವನ ಜೊತೆ ಜಗಳಕ್ಕೆ ಹೋಗಬೇಡಿ. ತಹಶೀಲ್ದಾರರಿಗೆ ದೂರು ಕೊಡಿ, ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಜೀತ ಮಾಡಿಸುವುದು ಅಪರಾಧ. ನಾಳೆ ನೋಡೋಣ ಎನ್ನಬೇಡಿ, ಫಕೀರಪ್ಪ ಎರಡು ದಿನ ಕಾದಿದ್ದ.