ಎಷ್ಟು ಬೇಕೆಂದು ಬರೆಯುವುದು

ದತ್ತು ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಮಗು ಬೇಕೆಂದು ಬರುವ ಗಂಡ ಹೆಂಡತಿ, ಯಾಕೆ ಬೇಕೆಂಬುದನ್ನು ಬೇರೆ ಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ ಬರೆದುಕೊಡಬೇಕು. ಕಡತ ದೂರದ ಮುಖ್ಯ ಕಚೇರಿಗೆ ಹೋಗುವುದರಿಂದ ಇಂಗ್ಲಿಷಿನಲ್ಲೇ ಬರೆಯಬೇಕು.

ಅವಳಿಗೆ ಇಂಗ್ಲಿಷಿನ ಭಯವಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆಯುವುದೇ ಅವಳ ಕೆಲಸ. ಭಯವಿದ್ದದ್ದು ಆಸೆಯ ಅಳತೆಯದು. ಆಸೆಯಿಂದ ಸಾಯುತ್ತಿದ್ದೇನೆ ಎಂಬ ‘ಡೈಯಿಂಗ್ ಟು’ ಎನ್ನೋಣವೆಂದರೆ ಜನ ಅದನ್ನು ಐಸ್‌ಕ್ರೀಮಿಗೂ ಬಳಸುತ್ತಾರೆ. ಆಸೆಗೆ ನೋಯುತ್ತಿದೆ ಎಂಬ ‘ಏಕಿಂಗ್ ಫಾರ್’ ಎಂದರೆ ಮೊದಲು ಡಾಕ್ಟರಿಗೆ ತೋರಿಸಿ ಅಂದಾರು. ಹಾತೊರೆಯುವ ‘ಯರ್ನ್’ ಪದ್ಯಕ್ಕೆ ಚೆನ್ನ. ‘ಐ ಲಾಂಗ್ ಫಾರ್’ ಎಂದು ಬರೆದು ಅದನ್ನೇ ದಿಟ್ಟಿಸಿದಳು. ಇಷ್ಟೊಂದು ಹಂಬಲಿಸುವ ಹೆಂಗಸಿನ ತಲೆ ನೆಟ್ಟಗಿದೆಯೇ ಎಂದು ಯಾರಾದರೂ ಅನುಮಾನಪಟ್ಟರೆ? ಹಿಂದೊಮ್ಮೆ ಬಸುರಿಯಾದಾಗ ಸಂಭ್ರಮ ತಡೆಯಲಾರದೆ ಕಂಡಕಂಡವರಿಗೆಲ್ಲ ಹೇಳಿದ್ದಳು. ಆಮೇಲೆ ಒಬ್ಬೊಬ್ಬರಿಗೂ, ನಿಲ್ಲಲಿಲ್ಲ ಎಂದು ಹೇಳಬೇಕಾಗಿ ಬಂತು. ಅಂದಿನಿಂದ ಆಸೆಯನ್ನು ಬಾಯಿಗೆ ತರುವ ಮೊದಲು ಅರ್ಧ ನುಂಗಿಬಿಡುವುದು ಅವಳಿಗೆ ರೂಢಿಯಾಗಿತ್ತು. ಸಾಲನ್ನು ಹೊಡೆದುಹಾಕಿ, ಮಗು ಸಿಕ್ಕರೆ ನಮಗೆ ಸಂತೋಷವಾಗುತ್ತದೆ ಎಂಬರ್ಥದ ‘ವಿ ವುಡ್ ಬಿ ಪ್ಲೀಸ್ಡ್’ ಬರೆದು ಸಹಿ ಹಾಕಿದಳು.

ವಾರ ಕಳೆದು ಅಲ್ಲಿನ ಅಧಿಕಾರಿ ಇಬ್ಬರನ್ನೂ ಕರೆಸಿದರು. ನಿವೃತ್ತಿಗೆ ಹತ್ತಿರವಾದ ಹೆಂಗಸು.

“ಯಜಮಾನ್ರಿಗೆ ಏನು ಕೆಲಸ?”

“ಲಿಫ್ಟ್ ರಿಪೇರಿ, ಮೇಡಂ,” ಎಂದಳು.

“ಗಟ್ಟಿ ಜೀವ. ಇವ್ರು ಬರೆದಿದ್ರಲ್ಲಿ ‘ಡೈಯಿಂಗ್, ಡೈಯಿಂಗ್’ ಅಂತ ಸಾಲಿಗೊಂದ್ಸಲ ಸತ್ತಿದ್ದಾರೆ.”

ಗಂಡ ಕಿವಿ ತುರಿಸಿಕೊಂಡ. “ಮೊಬೈಲಲ್ಲಿ ಹುಡುಕಿದೆ ಮೇಡಂ. ಆಸೆ ಜಾಸ್ತಿ ಇದ್ರೆ ಹಾಗೇ ಬರೀಬೇಕು ಅಂತಿತ್ತು.”

“ಇರ್ಲಿ, ಬದುಕಿದ್ದೀರಲ್ಲ.” ಅವರು ಇನ್ನೊಂದು ಹಾಳೆಯನ್ನು ಅವಳತ್ತ ತಿರುಗಿಸಿದರು. ಮುಖದಲ್ಲಿ ನಗುವಿರಲಿಲ್ಲ. “ನಿಮ್ದು ಹೊಸ ನಲ್ಲಿ ಹಾಕಿಸ್ಕೊಡಿ ಅಂದ ಹಾಗಿದೆ ಕಣಮ್ಮ. ಮಗು ಇವ್ರಿಗೆ ಮಾತ್ರ ಬೇಕೋ, ನಿಮಗೂ ಬೇಕೋ? ಒಬ್ರ ಬಲವಂತಕ್ಕೆ ಇನ್ನೊಬ್ರು ತಲೆಯಾಡ್ಸೋ ಮನೆಗೆ ನಾನು ಮಗು ಕಳ್ಸಲ್ಲ.”

ಅವಳು ತನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಅವಳಿಗೇ ಹೆಚ್ಚು ಆಸೆ ಮೇಡಂ...” ಎಂದು ಗಂಡ ನಡುವೆ ಬಾಯಿ ಹಾಕಿದ.

“ನೀವು ಹೊರಗೆ ಕೂತ್ಕೊಳ್ಳಿ ಸ್ವಾಮಿ. ಅವ್ರಿಗೂ ಬಾಯಿದೆ. ಪೆನ್ನು ನಾನು ಕೊಡ್ತೀನಿ.”

ಅವನು ಏಳುತ್ತಾ ಅವಳತ್ತ ಬಗ್ಗಿ, “ಲೇ, ಆಫೀಸ್ ಇಂಗ್ಲಿಷ್ ಬೇಡ್ವೇ,” ಎಂದು ಪಿಸುಗುಟ್ಟಿ ಹೋದ.

ಮೇಜಿನ ಮೇಲೆ ಖಾಲಿ ಹಾಳೆ ಬಂತು. ಅವಳು ಮತ್ತೆ ‘ಐ ಲಾಂಗ್’ ಎಂದು ಶುರುಮಾಡಿದಳು. ಯಾವುದಕ್ಕಾಗಿ? ಮಗುವಿಗಾಗಿ ಎಂದರೆ ಎಲ್ಲರೂ ಬರೆಯುವ ಮಾತು. ರಜೆಯ ಮಧ್ಯಾಹ್ನಗಳು ನೆನಪಾದವು. ಬಟ್ಟೆ ಮಡಿಸಲು ಕೂತರೆ ಕೊನೆಯ ಟವೆಲ್ಲಿನವರೆಗೂ ಯಾರೂ ಏಳಿಸದ ಮಧ್ಯಾಹ್ನಗಳು. ಕೈತುಂಬ ಕೆಲಸವಿರುವಾಗ ಪಕ್ಕದ ಕೋಣೆಯಿಂದ ಒಂದು ಪುಟ್ಟ ದನಿ ನನ್ನನ್ನು ಕೂಗಲಿ, ಬಂದೆ ಎಂದರೂ ಕೇಳದೆ ಮತ್ತೆ ಕೂಗಲಿ ಎಂದು ಹಂಬಲಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದಳು. ಇನ್ನೊಮ್ಮೆ ಓದಿದರೆ ಹೊಡೆದುಹಾಕುತ್ತೇನೆಂದು ಗೊತ್ತಿತ್ತು. ಓದದೆ ಕೊಟ್ಟಳು.

ಅಧಿಕಾರಿ ನಿಧಾನವಾಗಿ ಓದಿದರು. ಹಾಳೆಯನ್ನು ಕಡತಕ್ಕೆ ಸೇರಿಸಿದರು.

“ಮನೆ ನೋಡೋಕೆ ಮುಂದಿನ ತಿಂಗಳು ಬರ್ಲಾ?”

“ನಾಳೆನೇ ಬನ್ನಿ ಮೇಡಂ.”

“ನಾಳೆ ಭಾನುವಾರ ಕಣಮ್ಮ!”

“ಹಾಗಾದ್ರೆ ಸೋಮವಾರ,” ಎಂದಳು. ಹೊರಗಿನ ಬೆಂಚಿನವರೆಗೂ ಕೇಳಿಸುವಷ್ಟು ಜೋರಾಗಿ.