ಏಳನೇ ತಿಂಗಳ ಅನ್ನ

ಮಸ್ಕತ್ತಿನ ಅಲ್ ಗುಬ್ರಾದ ಆ ಫ್ಲ್ಯಾಟಿನಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅಂಬುಜಮ್ಮ. ಎದ್ದು ಮುಖ ತೊಳೆದು ಬಾಲ್ಕನಿಗೆ ಬಂದರೆ ದೂರದ ಕರೆಂಟು ಸ್ಥಾವರದ ಕೊಳವೆಗಳ ಸಂದಿನಿಂದ ಸೂರ್ಯ ಮೇಲೆ ಬರುತ್ತಿದ್ದ. ಅವರು ಸೆರಗು ಹೊದ್ದು ಕೈ ಮುಗಿಯುತ್ತಿದ್ದರು. "ಅಮ್ಮ ಬೆಳಿಗ್ಗೆ ಬೆಳಿಗ್ಗೆ ಕರೆಂಟಿಗೆ ನಮಸ್ಕಾರ ಮಾಡ್ತಾರೆ" ಎಂದು ಮಗ ಸದಾಶಿವ ತಮಾಷೆ ಮಾಡಿದರೆ, "ಮಾಡಿದ್ರೆ ಎಂತ? ಅದು ಕೈಕೊಟ್ರೆ ನಿಮ್ಮ ಈ ಊರಲ್ಲಿ ಮನುಷ್ಯ ಉಳಿಯುವುದುಂಟಾ?" ಎಂದು ನಗುತ್ತ ಒಳಗೆ ಹೋಗಿ ಗಂಜಿಗೆ ನೀರಿಡುತ್ತಿದ್ದರು.

ಕಾರ್ಕಳದ ಆಚೆಯ ಹಳ್ಳಿಯಿಂದ ಅವರು ಮಸ್ಕತ್ತಿಗೆ ಬಂದದ್ದು ಹಿರಿಯ ಮೊಮ್ಮಗಳು ವಿನುತಾಳ ಬಾಣಂತನಕ್ಕೆ. ವಿನುತಾಳ ಗಂಡ ಸೊಹಾರ್‌ನಲ್ಲಿ ಕೆಲಸದಲ್ಲಿದ್ದ. ಹೆರಿಗೆಗೆಂದು ಅವಳು ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತು ಜಾರಿಹೋಗಿತ್ತು. ಥೈರಾಯ್ಡಿನ ದೋಷ ಎಂದು ಡಾಕ್ಟರು ಈಚೆಗೆ ಕಂಡುಹಿಡಿದು ಮಾತ್ರೆ ಕೊಟ್ಟಮೇಲೆ ಈ ಸಲ ಏಳು ತಿಂಗಳು ತುಂಬಿತ್ತು. ಆದರೂ ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡುತ್ತಿರಲಿಲ್ಲ. ಅಮ್ಮ ಶಾಲಿನಿ ತೊಟ್ಟಿಲಿನ ಮಾತೆತ್ತುತ್ತಿರಲಿಲ್ಲ. ವಿನುತಾ ಮಾತ್ರ ಸೋಫಾದ ಮೂಲೆಯಲ್ಲಿ ಕುಳಿತು ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗಿನ ಒದೆತಕ್ಕೆ ಕಾಯುತ್ತಿದ್ದಳು.

ಕಿರಿಯವಳು ನಿಶ್ಮಿತಾ ಅಲ್ಲೇ ಕಾಲೇಜು ಓದುತ್ತಿದ್ದಳು. ಡಿಸೆಂಬರಿನ ರಜೆಯಲ್ಲಿ ಅವಳ ಕಾಲೇಜಿನ ಸೇವಾ ತಂಡ ಉಡುಪಿ ಕಡೆಯ ಒಂದು ಕೊರಗ ಬುಡಕಟ್ಟಿನವರ ಕಾಲನಿಗೆ ಹೋಗಿತ್ತು. ತಂಡದ ಸ್ಯಾವಿಯೋ, ರಸೀನಾ, ಡೀನಾ, ಎಲ್ಲ ಕರಾವಳಿಯ ಮಕ್ಕಳೇ, ಆದರೆ ಊರನ್ನು ಮದುವೆ ಮುಂಜಿಗಷ್ಟೇ ನೋಡಿದವರು. ಬೆಳಿಗ್ಗೆ ಅಂಗನವಾಡಿಗೆ ಸುಣ್ಣ ಬಳಿಯುವುದು, ಪುಸ್ತಕದ ಕಪಾಟು ಜೋಡಿಸುವುದು, ಮಧ್ಯಾಹ್ನದ ಮೇಲೆ ಹಿರಿಯರ ಮುಂದೆ ಕುಳಿತು ಕೇಳುವುದು. ಆ ಜನ ಮನುಷ್ಯರೆನಿಸಿಕೊಳ್ಳುವ ಹಕ್ಕಿಗಾಗಿ ಹೇಗೆ ಹೋರಾಡಿದರು, ಬಲವಂತದ ಡೋಲು ಹೊಡೆತವನ್ನು ಹೇಗೆ ಬಿಟ್ಟರು, ಭೂಮಿ ಕೇಳಿ ಹೇಗೆ ಮೆರವಣಿಗೆ ಹೊರಟರು ಎಂಬುದನ್ನೆಲ್ಲ ಅವರ ಬಾಯಿಂದಲೇ ದಾಖಲಿಸಿಕೊಳ್ಳುವುದು. ಮಸ್ಕತ್ತಿಗೆ ಮರಳಿದ ಮೇಲೆ ಇಲ್ಲಿನ ಕರಾವಳಿಯವರನ್ನೆಲ್ಲ ಸೇರಿಸಿ ಒಂದು ಸಂಜೆ ಅದನ್ನು ಹೇಳಬೇಕೆಂದು ತೀರ್ಮಾನವಾಗಿತ್ತು.

ನಿಶ್ಮಿತಾ ತನ್ನ ಭಾಷಣವನ್ನು ಮೊದಲು ಮನೆಯಲ್ಲೇ ಓದಿ ತೋರಿಸಿದಳು. ಅಜಲು ಎಂಬ ಪದ್ಧತಿಯ ಬಗ್ಗೆ ಕಾಲನಿಯ ಮುದುಕಿಯೊಬ್ಬರು ಹೇಳಿದ್ದನ್ನು ಅವಳು ಹೇಳುವಾಗ ಕಣ್ಣು ತುಂಬಿ ಬಂತು. ದೊಡ್ಡ ಮನೆಗಳಲ್ಲಿ ಬಸುರಿಗೆ ಏಳು ತಿಂಗಳಾದಾಗ, ಮಗುವಿಗೆ ಕಾಯಿಲೆಯಾದಾಗ, ಅವರ ಕೂದಲು ಉಗುರು ಕತ್ತರಿಸಿ ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುತ್ತಿದ್ದರಂತೆ. ಮನೆಯ ಕೇಡೆಲ್ಲ ತಿಂದವನ ಮೈಗೆ ಹೋಗಲಿ ಎಂದು.

"ಅಜಲು ನಿಷೇಧಿಸುವ ಕಾನೂನು ಬಂದು ಕಾಲು ಶತಮಾನವಾಯಿತು. ಇವತ್ತು ಅದು ಬರೀ ಇತಿಹಾಸ" ಎಂದು ಅವಳು ಮುಗಿಸಿದಳು.

ಅಂಬುಜಮ್ಮ ಕಡೆಯವರೆಗೂ ಕಿವಿಗೊಟ್ಟು ಕೇಳಿದ್ದರು. "ಹಾಗೆ ಕೊಟ್ಟ ಮೇಲೆ ಬಸುರಿಯರಿಗೆ ಸುಖವಾಗ್ತಿತ್ತಂತಾ?"

"ಅಜ್ಜೀ! ವಿಷಯ ಅದಲ್ಲ."

"ಅಲ್ಲ ಮಾರಾಯ್ತಿ, ಸುಮ್ಮನೆ ಕೇಳಿದೆ. ಮರೆತೇ ಹೋಗಿತ್ತು ನನಗೆ" ಎಂದು ಮುದುಕಿ ವಿನುತಾಳ ಹೊಟ್ಟೆಯ ಕಡೆ ನೋಡಿದರು.

ಬೇಸಿಗೆಗೆ ಮೊದಲು ಮನೆಯ ಎ.ಸಿ.ಗಳನ್ನು ತೊಳೆಸುವುದು ಅಲ್ಲಿ ವಾಡಿಕೆ. ಸದಾಶಿವ ತನ್ನ ಕಂಪೆನಿಯ ಮೆಕ್ಯಾನಿಕ್ ಹುಡುಗನನ್ನು ಕಳಿಸಿದ. ಸ್ಟೂಲಿನ ಮೇಲೆ ನಿಂತು ಫಿಲ್ಟರ್ ಬಿಚ್ಚುತ್ತಿದ್ದವನು ತನ್ನಷ್ಟಕ್ಕೇ ತುಳುವಿನಲ್ಲಿ ಗೊಣಗಿದ್ದು ಕೇಳಿ ಅಂಬುಜಮ್ಮನಿಗೆ ಎಲ್ಲಿಲ್ಲದ ಹಿಗ್ಗು.

"ಊರು ಎಲ್ಲಿ ಮಗಾ?"

"ಹೆಬ್ರಿ ಕಡೆ ಅಮ್ಮ."

"ಹೆಬ್ರಿಯಲ್ಲಿ ಯಾರ ಮನೆ?"

"ಯಾರ ಮನೆಯೂ ಅಲ್ಲ, ನಮ್ಮದೇ ಮನೆ" ಎಂದು ಅವನು ನಕ್ಕ. "ನಾವು ಕೊರಗರು. ನನ್ನ ಹೆಸರು ಕೊಗ್ಗ. ಅಜ್ಜನ ಹೆಸರೇ ಇಟ್ಟಿದ್ದಾರೆ."

ಅಂಬುಜಮ್ಮ ಸೆರಗು ಎಳೆದುಕೊಂಡು ಒಳಗೆ ಹೋದರು. ಅವನು ಹೋದ ಮೇಲೆ ಸ್ಟೂಲಿಗೆ ನೀರು ಹಾಕಿಸಿದರು. ನಿಶ್ಮಿತಾ ಆ ದಿನ ಅಜ್ಜಿಯೊಡನೆ ಮಾತೇ ಬಿಟ್ಟಳು. ಆದರೆ ಎರಡು ದಿನ ಕಳೆದು ಅಜ್ಜಿಯೇ ಮಗನಿಗೆ, "ಆ ಹುಡುಗನನ್ನು ಶುಕ್ರವಾರ ಊಟಕ್ಕೆ ಕರಿ. ಪರವೂರಲ್ಲಿ ನಮ್ಮ ಕಡೆಯವನು, ಪಾಪ" ಎಂದಾಗ ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತನ್ನ ಮಾತು ನಾಟಿತು, ಅಜ್ಜಿಯ ಮನಸ್ಸು ಕರಗಿತು ಎಂದುಕೊಂಡಳು. ರಸೀನಾಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡಳು ಕೂಡ. ಗುರುವಾರ ಅಜ್ಜಿ ಅಕ್ಕನ ಕಾಲ ಬಳಿ ಕುಳಿತು ಉಗುರು ಕತ್ತರಿಸಿ, ಚೂರು ಬಿಡದೆ ಒಂದು ಟಿಶ್ಯೂವಿನಲ್ಲಿ ಸುತ್ತಿಕೊಂಡದ್ದನ್ನು ನೋಡಿಯೂ ಅವಳಿಗೆ ಏನೂ ಅನಿಸಲಿಲ್ಲ. ಬಸುರಿಗೆ ಬಗ್ಗಲು ಆಗುವುದಿಲ್ಲವಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ಮನೆ ತುಂಬ ಕೋಳಿ ಸಾರಿನ ಘಮ. ನೀರು ಕುಡಿಯಲೆಂದು ಅಡುಗೆಮನೆಗೆ ಹೋದ ನಿಶ್ಮಿತಾ ಬಾಗಿಲಲ್ಲೇ ನಿಂತಳು. ಅಜ್ಜಿಯ ಮುಂದೆ ಬೇರೊಂದು ಪುಟ್ಟ ಪಾತ್ರೆ. ಬೆಲ್ಲ, ಕಾಯಿತುರಿ ಹಾಕಿ ಕಲಸಿದ ಕುಚ್ಚಲಕ್ಕಿ ಅನ್ನ. ಅಜ್ಜಿ ಸೆರಗಿನ ಗಂಟು ಬಿಚ್ಚಿ, ನುಣ್ಣಗೆ ಕತ್ತರಿಸಿದ ಕೂದಲನ್ನೂ ಉಗುರಿನ ಚೂರನ್ನೂ ಅದರಲ್ಲಿ ಉದುರಿಸಿ, ಬಾಯಲ್ಲಿ ಏನನ್ನೋ ಹೇಳಿಕೊಳ್ಳುತ್ತ ಕಲಸುತ್ತಿದ್ದರು.

"ಎಂತ ಅಜ್ಜಿ ಅದು?" ಅವಳು ಕೂಗಿದಳು.

"ಮೆಲ್ಲ ಮಾತಾಡು. ನಿನ್ನ ಅಕ್ಕನಿಗೇ ಮಾಡುವುದು. ಹಿಂದಿನ ಎರಡು ಸಲ ಇದನ್ನು ಮಾಡಿರಲಿಲ್ಲ, ಅದಕ್ಕೇ ಹಾಗಾಯ್ತು. ನೀನು ಓದಿ ಹೇಳಿದ ಮೇಲೆ ನೆನಪಾಯ್ತು, ನಿನ್ನ ಪುಣ್ಯ."

ಕಾಲನಿಯ ಆ ಮುದುಕಿ ಅಳುತ್ತ ಹೇಳಿದ್ದು ಇಲ್ಲಿ ಅಡುಗೆಯ ವಿಧಾನವಾಗಿಬಿಟ್ಟಿತ್ತು.

"ಡಾಕ್ಟರು ಹೇಳಿದ್ದಾರಲ್ಲ ಯಾಕೆ ಹೋಯ್ತು ಅಂತ! ಮಾತ್ರೆ ತಗೊಂಡ ಮೇಲೆ ತಾನೇ ಈ ಸಲ ನಿಂತದ್ದು?"

"ಮಾತ್ರೆ ಮಾತ್ರೆಯ ಕೆಲಸ ಮಾಡ್ತದೆ, ಇದು ಇದರ ಕೆಲಸ. ಅವನಿಗೆ ಎಂತ ನಷ್ಟ? ಹೊಟ್ಟೆ ತುಂಬ ಊಟ ಹಾಕ್ತೇವೆ, ಹೊಸ ಅಂಗಿ ಕೊಡ್ತೇವೆ."

"ನಮ್ಮ ಕೇಡು ಅವನ ಮೈಗೆ ಹೋಗಲಿ ಅಂತ ತಾನೇ ಕೊಡುವುದು?"

"ಅವರು ತಡ್ಕೊಳ್ತಾರೆ. ಅವರ ಮೈ ಹಾಗೆ."

"ಯಾರು ಹೇಳಿದ್ದು? ಅವರು ಬಂದು ಹೇಳಿದ್ದಾರಾ?"

"ಹೆಣ್ಣೇ, ಮೊಬೈಲು ಹಿಡ್ಕೊಂಡು ನಾಲ್ಕು ದಿನ ಹೋಗಿ ಬಂದ ನೀನು ನನಗೆ ಕಲಿಸ್ತೀಯಾ? ನಿನ್ನ ಅಪ್ಪ ಹುಟ್ಟುವ ಮೊದಲೂ ಕೊಟ್ಟದ್ದೇ. ನೋಡು, ಗುಂಡುಕಲ್ಲಿನ ಹಾಗೆ ಇದ್ದಾನೆ."

"ಅವತ್ತು ತಿಂದವನ ಮಕ್ಕಳು ಹೇಗಿದ್ದಾರೆ? ಅದು ಗೊತ್ತುಂಟಾ ನಿಮಗೆ?"

ಅಂಬುಜಮ್ಮನ ಕೈ ಒಂದು ಕ್ಷಣ ನಿಂತಿತು. ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಮತ್ತೆ ಕಲಸತೊಡಗಿದರು.

ಗಲಾಟೆ ಕೇಳಿ ಎಲ್ಲರೂ ಬಂದರು. ಶಾಲಿನಿ, "ದೊಡ್ಡವರ ಸಮಾಧಾನಕ್ಕೆ ಇದೊಂದನ್ನು ಬಿಟ್ಟುಬಿಡು ಮಗಾ" ಎಂದಳು. ಸದಾಶಿವ ಯಾರ ಮುಖವನ್ನೂ ನೋಡದೆ, "ಒಂದು ಊಟಕ್ಕೆ ಇಷ್ಟು ರಂಪ ಬೇಡ. ಅವನಿಗೆ ಗೊತ್ತೂ ಆಗುವುದಿಲ್ಲ. ಖಲಾಸ್" ಎಂದ.

"ಗೊತ್ತಾಗದಿದ್ದರೆ ಸರಿಯಾ ಅಪ್ಪ?"

ನಿಶ್ಮಿತಾ ಅಕ್ಕನ ಕಡೆ ತಿರುಗಿದಳು. ವಿನುತಾ ಗೋಡೆಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. "ನಿಶ್ಮೀ" ಎಂದಳು, "ನಿನಗೆ ಅದು ಗೊತ್ತಾಗುವುದಿಲ್ಲ. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳು ನಾನು." ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಕೊಗ್ಗ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮತ್ರಾ ಪೇಟೆಯಿಂದ ತಂದ ಹಲ್ವದ ಡಬ್ಬಿ ಹಿಡಿದು ನಿಂತಿದ್ದ. ಅಂಬುಜಮ್ಮ ಬಾಯಿ ತುಂಬ ಉಪಚರಿಸಿದರು. "ಬಾ ಮಗಾ, ಬಾ. ಬಾಲ್ಕನಿಯಲ್ಲಿ ಗಾಳಿ ಒಳ್ಳೇದುಂಟು, ಅಲ್ಲೇ ಎಲೆ ಹಾಕಿದ್ದೇನೆ." ಹಾಲಿನ ಮೇಜಿನ ಮೇಲೆ ಮನೆಯವರ ತಟ್ಟೆಗಳು ಜೋಡಿಸಿದ್ದವು. ಕೊಗ್ಗ ಅದನ್ನು ನೋಡಿದ, ಬಾಲ್ಕನಿಯಲ್ಲಿ ಎ.ಸಿ.ಯ ಯಂತ್ರದ ಪಕ್ಕ ಹಾಸಿದ್ದ ಒಂಟಿ ಎಲೆಯನ್ನೂ ನೋಡಿದ. ಏನೋ ಹೇಳಲು ಹೊರಟು, ಬಸುರಿಯ ಮುಖ ಕಂಡು ಸುಮ್ಮನಾಗಿ ಹೋಗಿ ಕುಳಿತ.

ಎಲೆಗೆ ಮೊದಲು ಬಿದ್ದದ್ದು ಪುಟ್ಟ ಪಾತ್ರೆಯ ಅನ್ನ.

"ಅಕ್ಕ, ನಿಮಗೆ ಸುಖ ಹೆರಿಗೆಯಾಗಲಿ" ಎಂದ ಕೊಗ್ಗ ವಿನುತಾಳಿಗೆ. "ನನ್ನ ತಂಗಿಯ ಸೀಮಂತಕ್ಕೆ ಊರಿಗೆ ಹೋಗ್ಲಿಕ್ಕೆ ರಜೆ ಸಿಗಲಿಲ್ಲ. ಇದೇ ಆ ಊಟ ಅಂತ ತಿಳ್ಕೊಂಡು ಉಣ್ತೇನೆ."

ತಿನ್ನಬೇಡಿ ಎಂಬ ಮಾತು ನಿಶ್ಮಿತಾಳ ತುಟಿಗೆ ಬಂದಿತ್ತು. ಆದರೆ ಅವಳಿಗಿಂತ ಮೊದಲು ವಿನುತಾ ಹೊಸಿಲು ದಾಟಿದ್ದಳು. ಬಾಗಿಲು ಹಿಡಿದು, ಭಾರವಾದ ಮೈಯನ್ನು ಕಷ್ಟಪಟ್ಟು ಬಗ್ಗಿಸಿ ನೆಲಕ್ಕೆ ಕುಳಿತು, ಎಲೆಯನ್ನು ತನ್ನ ಕಡೆ ಎಳೆದುಕೊಂಡಳು.

"ಇದು ನನ್ನದು" ಎಂದು ಒಂದು ತುತ್ತು ಎತ್ತಿದಳು.

"ಅಯ್ಯೋ! ಬಿಡು, ಬಿಡು ಅದನ್ನು!" ಅಂಬುಜಮ್ಮ ಓಡಿ ಬಂದು ಅವಳ ಕೈ ಹಿಡಿದರು. "ನೀನು ತಿಂದ್ರೆ ಮಗು..."

"ಹೇಳಿ ಅಜ್ಜಿ. ನಾನು ತಿಂದ್ರೆ ನನ್ನ ಮಗುವಿಗೆ ಕೇಡು. ಅವರು ತಿಂದ್ರೆ ಯಾರ ಮಗುವಿಗೆ? ಅವರ ತಂಗಿಯ ಮಗುವಿಗಾ?"

ಕೊಗ್ಗ ಬಾಗಿ, ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಹರಡಿದ. ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎದ್ದು ಒಳಗೆ ಬಂದು ಕೈ ತೊಳೆದುಕೊಂಡ. ನಿಧಾನವಾಗಿ, ಬೆರಳ ಸಂದಿಗೆಲ್ಲ ಸಾಬೂನು ಹಾಕಿ ತೊಳೆದುಕೊಂಡ. ಮನೆಯವರೆಲ್ಲ ಆ ನೀರಿನ ಸದ್ದು ಕೇಳುತ್ತ ನಿಂತರು.

"ನನ್ನ ಅಜ್ಜ ಇದನ್ನು ತಿಂದಿದ್ದರು ಅಮ್ಮ. ಗೊತ್ತಿದ್ದೇ, ಹಸಿವಿಗೆ" ಎಂದ ಅವನು. ಧ್ವನಿ ಏರಿರಲಿಲ್ಲ. "ಅಪ್ಪ ತಿನ್ನುವುದಿಲ್ಲ ಅಂತ ಹೇಳಿ ಪೆಟ್ಟು ತಿಂದರು. ನಾನು ಈ ಅನ್ನವೂ ತಿನ್ನುವುದಿಲ್ಲ, ಪೆಟ್ಟೂ ತಿನ್ನುವುದಿಲ್ಲ. ಊಟಕ್ಕೆ ಕರೆದಿದ್ದೀರಿ ಅಂತ ಮರ್ಯಾದೆಯಿಂದ ಬಂದೆ, ಮರ್ಯಾದೆಯಿಂದ ಹೋಗ್ತೇನೆ. ಅಕ್ಕ, ನೀವು ನೆಲದಿಂದ ಏಳಿ. ಬೆನ್ನು ನೋವಾದೀತು."

ಶಾಲಿನಿ ಅಳುತ್ತ, "ಒಂದು ಗಳಿಗೆ ನಿಲ್ಲಪ್ಪ, ಬೇರೆ ಬಡಿಸ್ತೇನೆ" ಎಂದಳು.

"ಇವತ್ತು ಬೇಡ ಅಮ್ಮ. ಇವತ್ತು ಈ ಮನೆಯ ನೀರೂ ಇಳಿಯುವುದಿಲ್ಲ."

ಬಾಗಿಲ ತನಕ ಸದಾಶಿವ ಅವನ ಹಿಂದೆಯೇ ಬಂದ. "ಭಾನುವಾರ ಕೆಲಸಕ್ಕೆ..."

"ಬರ್ತೇನೆ ಸಾರ್. ನಾನ್ಯಾಕೆ ಬಾರದೆ ಇರಲಿ?" ಎಂದು ಕೊಗ್ಗ ಅವನ ಮುಖವನ್ನು ನೇರವಾಗಿ ನೋಡಿದ. ಕಣ್ಣು ತಗ್ಗಿಸಿದವನು ಸದಾಶಿವ.

ಆ ಅನ್ನವನ್ನು ವಿನುತಾ ತಾನೇ ಕೈಯಾರೆ ಕಸದ ಚೀಲಕ್ಕೆ ಸುರಿದಳು. ಅಜ್ಜಿಯ ಎದುರು ಕುಳಿತು ಹೇಳಿದಳು: "ನನ್ನ ಮಗು ಉಳಿಯಬೇಕು, ಆದರೆ ಇನ್ನೊಬ್ಬರ ಹೊಟ್ಟೆಗೆ ವಿಷ ಬಯಸಿ ಉಳಿಯುವುದು ಬೇಡ. ಬಾಣಂತನ ಮಾಡುವುದಾದರೆ ಎಣ್ಣೆ ಹಚ್ಚಿ, ಕಷಾಯ ಕೊಡಿ, ನನಗೆ ನೀವು ಬೇಕು. ಇದು ಮಾತ್ರ ಬೇಡ." ಅಂಬುಜಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಸೋತರೆಂದಲ್ಲ, ಒಪ್ಪಿದರೆಂದೂ ಅಲ್ಲ. ಒಂದು ಜೀವಮಾನದ ನಂಬಿಕೆ ಒಂದೇ ಮಧ್ಯಾಹ್ನದಲ್ಲಿ ಸಾಯುವುದಿಲ್ಲ.

ನಿಶ್ಮಿತಾ ತನ್ನ ಭಾಷಣವನ್ನು ಅಳಿಸಿ ಹೊಸದಾಗಿ ಬರೆಯಲು ಕುಳಿತಳು. ನಡೆದದ್ದನ್ನು ಹೇಳದೆ ವೇದಿಕೆ ಹತ್ತುವುದು ಸಾಧ್ಯವಿರಲಿಲ್ಲ. ಕೊಗ್ಗನಿಗೆ ಫೋನು ಮಾಡಿ ಕ್ಷಮೆ ಕೇಳಿ, "ನಿಮ್ಮ ವಿಷಯ ಹೇಳಬಹುದಾ?" ಎಂದಳು.

"ನನ್ನ ಮಾತು ನಾನೇ ಹೇಳ್ತೇನೆ" ಎಂದ ಅವನು. "ನೀವು ನಿಮ್ಮ ಮನೆಯ ಮಾತು ಹೇಳಿ."

"ಊರಿಗೆಲ್ಲ ಡಂಗುರ ಹೊಡೀತೀರಾ? ನಾಳೆ ಯಾರ ಮುಖ ನೋಡುವುದು?" ಎಂದು ಶಾಲಿನಿ ಗೋಳಾಡಿದಳು. ವಿನುತಾ ಮಾತ್ರ ಕಪಾಟಿನಿಂದ ಸೀರೆ ತೆಗೆಯುತ್ತ, "ಅದು ನನ್ನ ಹೆಸರಲ್ಲಿ ಮಾಡಿದ್ದು. ನಾನೂ ಬರ್ತೇನೆ" ಎಂದಳು.

ಆ ಸಂಜೆ ಸಭಾಂಗಣ ತುಂಬಿತ್ತು. ಸ್ಯಾವಿಯೋ, ರಸೀನಾ ಕಾಲನಿಯ ಚಿತ್ರಗಳನ್ನು ತೋರಿಸಿ ಹೋರಾಟದ ಕಥೆ ಹೇಳಿದರು. ನಿಶ್ಮಿತಾ ಎದ್ದು, "ಇದು ಮುಗಿದುಹೋದ ಇತಿಹಾಸ ಎಂದು ನಾನು ಬರೆದಿದ್ದೆ. ಅದು ಸುಳ್ಳು" ಎಂದು ಶುರುಮಾಡಿ ಆ ಶುಕ್ರವಾರದ ಊಟವನ್ನು ಏನೂ ಮುಚ್ಚಿಡದೆ ಹೇಳಿದಳು. ಸಭೆಯಲ್ಲಿ ಗುಸುಗುಸು ಎದ್ದಿತು.

"ಮನೆಯೊಳಗಿನ ವಿಷಯವನ್ನು ಈ ದೇಶಕ್ಕೆ ಬಂದು ಇಲ್ಲಿ ಯಾಕಮ್ಮ ಹೇಳುವುದು?" ಹಿಂದಿನಿಂದ ಒಬ್ಬ ಹಿರಿಯರು ಗದರಿದರು.

ಮುಂದಿನ ಸಾಲಿನಲ್ಲಿದ್ದ ವಿನುತಾ ಕುರ್ಚಿಯ ತೋಳು ಊರಿ ಎದ್ದು ನಿಂತಳು. "ಇಲ್ಲೇ ಆದದ್ದು ಮಾಮ. ಅಲ್ ಗುಬ್ರಾದಲ್ಲಿ, ನನ್ನ ಈ ಹೊಟ್ಟೆಗೋಸ್ಕರ. ಅದಕ್ಕೇ ಇಲ್ಲೇ ಹೇಳುವುದು. ನಿಮ್ಮ ಮನೆಯಲ್ಲಿ ಸ್ಟೂಲಿಗೆ ನೀರು ಹಾಕುವವರಿದ್ದರೆ, ಬೇರೆ ಎಲೆ ಹಾಸುವವರಿದ್ದರೆ, ಇವತ್ತು ಹೋಗಿ ಕೇಳಿ: ಅವತ್ತು ತಿಂದವನ ಮಕ್ಕಳು ಎಲ್ಲಿದ್ದಾರೆ ಅಂತ."

ಹಿರಿಯರು ಕುಳಿತರು. ಕೊಗ್ಗ ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆ ಹತ್ತಿದ. ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ಒಮ್ಮೆ ಸಭೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ನನ್ನ ಅಜ್ಜನಿಂದ ಶುರುಮಾಡ್ತೇನೆ" ಎಂದ. "ಸ್ವಲ್ಪ ಉದ್ದ ಆಗ್ತದೆ. ಸಮಯ ಉಂಟಲ್ಲ?"

ಬಾಗಿಲ ಹತ್ತಿರ, ಕೂರಲು ಮುಖವಿಲ್ಲದೆ ನಿಂತೇ ಇದ್ದ ಸದಾಶಿವನ ಧ್ವನಿ ಕೇಳಿತು.

"ಉಂಟು. ಹೇಳಿ."